ಪೈಪಿನೊಳಗೆ ಮೀನು ಹತ್ತೋದಿಲ್ಲ ಸ್ವಾಮಿ!



ಕಡೂರು, ತರೀಕೆರೆ, ಅಜ್ಜಂಪುರ ಕಡೆ ಯಾವ ಚುನಾವಣೆ ಬಂದ್ರೂ ಒಂದು ಮಾತು ತಪ್ಪೋದಿಲ್ಲ. "ನಿಮ್ಮ ಕೆರೆ ತುಂಬಿಸ್ತೀವಿ." ಪಕ್ಷ ಯಾವುದಾದರೂ ಭಾಷಣ ಅದೇ, ಚಪ್ಪಾಳೆನೂ ಅದೇ. ನನಗೆ ಮಾತ್ರ ಈ 'ತುಂಬಿಸ್ತೀವಿ' ಅನ್ನೋ ಪದದ ಮೇಲೇ ಗುಮಾನಿ. ಕೆರೆ ತುಂಬೋದು ಬೇರೆ, ತುಂಬಿಸೋದು ಬೇರೆ. ಬಿಂದಿಗೆ ತುಂಬಿಸಬಹುದು, ಸಿಂಟೆಕ್ಸ್ ತುಂಬಿಸಬಹುದು. ಕೆರೆ...?

ಮೊದಲೇ ಹೇಳಿಬಿಡ್ತೀನಿ, ಬಯಲುಸೀಮೆಗೆ ನೀರು ಕೊಡಬೇಡಿ ಅನ್ನೋರ ಗುಂಪಿನವನಲ್ಲ ನಾನು. ಚಿಕ್ಕಮಗಳೂರು ಜಿಲ್ಲೆ ಅಂದ ತಕ್ಷಣ ಬೆಂಗಳೂರಿನವರಿಗೆ ಕಾಫಿ, ಮಂಜು, ಜಿಟಿಜಿಟಿ ಮಳೆ ನೆನಪಾಗತ್ತೆ. ಬಾಬಾಬುಡನ್‌ಗಿರಿ ಸಾಲಿನಿಂದ ಪೂರ್ವಕ್ಕೆ ಇಳಿದು ನೋಡಿ. ಮುಂಗಾರಿನ ಮೋಡದ ಬಹುಪಾಲನ್ನ ಬೆಟ್ಟವೇ ಹಿಂಡಿಕೊಂಡು, ಕಡೂರಿನ ಪಾಲಿಗೆ ಬಿಡೋದು ಬರೀ ಗಾಳಿ. ಬರ ಬಂದ ವರ್ಷ ಬೋರ್‌ವೆಲ್ ಬತ್ತಿ, ಸುಳಿ ಒಣಗಿ ನಿಂತ ತೆಂಗಿನ ತೋಟ ಕಂಡವರು ಯಾರೂ ಈ ಜನಕ್ಕೆ ನೀರು ಬೇಡ ಅನ್ನಲಾರರು. ನನ್ನ ತಕರಾರು ನೀರಿನ ಮೇಲಲ್ಲ, ನೀರನ್ನ ಬರೀ ಟಿಎಂಸಿ ಲೆಕ್ಕದಲ್ಲಿ ನೋಡೋ ಕಣ್ಣಿನ ಮೇಲೆ.

ಈ ಸೀಮೆಯಲ್ಲಿ ಕೆರೆ ಹೇಗೆ ತುಂಬ್ತಿತ್ತು ಅಂತ ಒಮ್ಮೆ ನೋಡೋಣ. ಮುಳ್ಳಯ್ಯನಗಿರಿ ಕಡೆಯಿಂದ ವೇದಾ ಹಳ್ಳ ಇಳಿದು ಬಂದು ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆ ಆಗತ್ತೆ. ಹೊಯ್ಸಳರ ಕಾಲದಲ್ಲಿ, ೧೧೫೬ರಲ್ಲಿ, ಜೀರ್ಣೋದ್ಧಾರ ಆದ ಕೆರೆ ಅದು. ಅಂದ್ರೆ ಮೂಲ ಕೆರೆ ಅದಕ್ಕಿಂತಲೂ ಹಳೇದು! ಅದೇ ಬೆಟ್ಟಸಾಲಿನಿಂದ ಆವತಿ ಹಳ್ಳ ಬಂದು ಮದಗದಕೆರೆಗೆ ಸೇರತ್ತೆ. ಎರಡೂ ಕಡೂರಿನ ಹತ್ತಿರ ಕೂಡಿ ವೇದಾವತಿ ನದಿ. ಅದೇ ಹೊಸದುರ್ಗ ದಾಟಿ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರ. ಮುಂದೆ ಹಗರಿ ಅಂತ ಹೆಸರು ಬದಲಿಸಿಕೊಂಡು ಬಳ್ಳಾರಿ ಸೀಮೆಗೆ ಹೋಗಿ ತುಂಗಭದ್ರೆಗೆ ಸೇರ್ಪಡೆ. ಬೆಟ್ಟದಿಂದ ಕೆರೆಗೆ, ಕೋಡಿ ಬಿದ್ದರೆ ಹಳ್ಳಕ್ಕೆ, ಹಳ್ಳದಿಂದ ಇನ್ನೊಂದು ಕೆರೆಗೆ. ಒಂದು ಮೋಟಾರ್ ಇಲ್ಲ, ಒಂದು ಯೂನಿಟ್ ಕರೆಂಟ್ ಇಲ್ಲ.

ಈಗಿನದು ಭದ್ರಾ ಮೇಲ್ದಂಡೆ ಯೋಜನೆ. ಮುತ್ತಿನಕೊಪ್ಪದ ಹತ್ತಿರ ತುಂಗೆಯಿಂದ ೧೭.೪೦ ಟಿಎಂಸಿ ಎತ್ತಿ ಭದ್ರಾ ಜಲಾಶಯಕ್ಕೆ ಹಾಕೋದು. ಭದ್ರಾದಿಂದ ೨೯.೯೦ ಟಿಎಂಸಿಯನ್ನ ತರೀಕೆರೆ ತಾಲ್ಲೂಕಿನ ಶಾಂತಿಪುರ, ಬೆಟ್ಟದಾವರೆಕೆರೆ ಪಂಪ್‌ಹೌಸುಗಳಲ್ಲಿ ಎತ್ತಿ ಅಜ್ಜಂಪುರದ ಸುರಂಗಕ್ಕೆ ನೂಕೋದು. ಅಲ್ಲಿಂದ ಚಿತ್ರದುರ್ಗ, ತುಮಕೂರು ಕಡೆಗೆ. ೨೦೨೩ರ ಕೇಂದ್ರ ಬಜೆಟ್ಟಿನಲ್ಲಿ ೫,೩೦೦ ಕೋಟಿ ಅಂತ ಘೋಷಣೆ ಆಯ್ತು, ಆಮೇಲೆ ಆ ದುಡ್ಡಿಗಾಗಿ ದೆಹಲಿಗೂ ಬೆಂಗಳೂರಿಗೂ ಹಗ್ಗಜಗ್ಗಾಟ. ಸುರಂಗ ಅಜ್ಜಂಪುರದ್ದು, ನೀರು ಮಾತ್ರ ಮುಂದಿನ ಜಿಲ್ಲೆಗಳಿಗಾ ಅಂತ ಇಲ್ಲಿಯವರು ಸಿಟ್ಟಾದ್ರು, ಅದು ನ್ಯಾಯವೇ. ಭದ್ರಾ ಉಪಕಣಿವೆಯಿಂದ ಇಲ್ಲಿನ ಕೆರೆಗಳನ್ನೂ ತುಂಬಿಸೋ ಯೋಜನೆ ಬಂತು. ಮತ್ತೆ ಅದೇ, ಪೈಪು!

ಇಷ್ಟೆಲ್ಲಾ ಟಿಎಂಸಿ ಮಧ್ಯೆ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಕೆರೆಯಲ್ಲಿ ನೀರು ಬಿಟ್ಟು ಇನ್ನೇನಿದೆ?

ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳದಲ್ಲಿ ಕೆಂಪು ನೀರು ನುಗ್ಗಿದಾಗ ಕೆರೆಯ ಮೀನು ಆ ಹರಿವಿಗೆ ಎದುರಾಗಿ ಮೇಲೆ ಹೊರಡ್ತಾವೆ. ಮಲೆನಾಡಿನವರು ಅದಕ್ಕೆ ಹತ್ತುಮೀನು ಅಂತಾರೆ. ಹಳ್ಳ ಹತ್ತಿ, ಗದ್ದೆ ಬಯಲಿನ ತೆಳು ನೀರಿಗೆ ಬಂದು ಮೊಟ್ಟೆ ಇಡ್ತಾವೆ. ಮರಿಗಳು ಮತ್ತೆ ನೀರಿನ ಜೊತೆ ಕೆರೆಗೆ ವಾಪಸ್. ಕೊರವ ಮೀನಂತೂ ಮರಿಗಳ ಗುಂಪನ್ನ ಜೊತೆಗಿದ್ದು ಕಾಯತ್ತೆ. ಕೊರವ, ಚೇಳುಮೀನು ಇವೆಲ್ಲ ನೀರಿನ ಮೇಲೆ ಬಂದು ಗಾಳಿ ಕುಡಿಯೋ ಜಾತಿ. ಕೆರೆ ಇಂಗಿ ಕೆಸರಾದ್ರೂ ಸ್ವಲ್ಪ ಕಾಲ ತಡ್ಕೊಂಡು ಮುಂದಿನ ಮಳೆಗೆ ಕಾಯೋ ಗಟ್ಟಿಗರು. ಬರಗಾಲದ ಸೀಮೆಗೆ ತಕ್ಕ ಮೀನು!

ಈಗ ಹಳ್ಳ ಒತ್ತುವರಿ ಆಗಿದೆ, ಸೇತುವೆ ಕೆಳಗೆ ಕಟ್ಟಡದ ಕಸ ಬಿದ್ದಿದೆ, ಕೆರೆಗೆ ನೀರು ಬರೋದು ಪೈಪಿನ ಬಾಯಿಂದ ಅಂತ ಇಟ್ಕೊಳ್ಳಿ. ಕೆರೆ ತುಂಬಿದೆ, ಫೋಟೋ ಬಂದಿದೆ, ಬಾಗಿನ ಬಿಟ್ಟಿದ್ದೂ ಆಯ್ತು. ಮೀನು ಎಲ್ಲಿಗೆ ಹತ್ತಬೇಕು? ಪೈಪಿನೊಳಗಾ?

"ಮೀನುಗಾರಿಕೆ ಇಲಾಖೆಯವರು ಮರಿ ಬಿಡ್ತಾರಲ್ಲ" ಅಂತೀರಿ. ಬಿಡ್ತಾರೆ. ಕಟ್ಲಾ, ರೋಹು, ಮೃಗಾಲ್. ಉತ್ತರದ ದೊಡ್ಡ ನದಿಗಳ ಮೀನು ಇವು. ನಿಂತ ಕೆರೆ ನೀರಿನಲ್ಲಿ ಮರಿ ಮಾಡಲ್ಲ, ಹಾಗಾಗಿ ಮತ್ತೆ ಮತ್ತೆ ತಂದು ಬಿಡಬೇಕು. ಅದು ಸಾಕಣೆ, ತಪ್ಪೇನಲ್ಲ, ಮೀನುಗಾರರ ಹೊಟ್ಟೆಪಾಡು. ಆದರೆ ಕೋಳಿ ಫಾರಂ ತೋರಿಸಿ ಕಾಡುಕೋಳಿ ಉಳಿದಿದೆ ಅನ್ನೋಕಾಗತ್ತಾ?

ಇನ್ನು ನೀರು ಎತ್ತೋ ತಾಣದ ಕಥೆ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಬೇಸಿಗೆಗೆ ನೀರು ಇಳಿದಾಗ ನಡುಗಡ್ಡೆಗಳು ತಲೆ ಎತ್ತುತ್ತವೆ. ಅಲ್ಲಿ ರೀವ ಹಕ್ಕಿಗಳು, ಅದೇ ರಿವರ್ ಟರ್ನ್, ಗುಂಪುಗುಂಪಾಗಿ ಬಂದು ಬರಿ ನೆಲದ ಮೇಲೆ ಮೊಟ್ಟೆ ಇಡ್ತಾವೆ. ಮರದ ಆಸರೆಯಿಲ್ಲ, ಸುತ್ತ ಇರೋ ನೀರೇ ಅವಕ್ಕೆ ಬೇಲಿ. ನೀರು ಏರಿದರೆ ಮೊಟ್ಟೆ ಮುಳುಗತ್ತೆ, ತೀರಾ ಇಳಿದರೆ ನಡುಗಡ್ಡೆ ದಡಕ್ಕೆ ಕೂಡಿಕೊಂಡು ನರಿ ನಾಯಿಗೆ ದಾರಿ ಆಗತ್ತೆ. ಜಾಗತಿಕವಾಗಿಯೇ ಅಪಾಯದ ಪಟ್ಟಿಯಲ್ಲಿರೋ ಹಕ್ಕಿ ಇದು. ಈ ಜಲಾಶಯಕ್ಕೆ ಒಂದು ಕಡೆಯಿಂದ ತುಂಗೆ ಸುರಿದು ಇನ್ನೊಂದು ಕಡೆ ಪಂಪ್ ಹಚ್ಚುವಾಗ, ಯಾವ ತಿಂಗಳು ಎಷ್ಟು ಮಟ್ಟ ಅನ್ನೋದನ್ನ ಗೂಡು ನೋಡಿ ಯಾರು ತೀರ್ಮಾನಿಸಬೇಕು?

"ವಾಣಿವಿಲಾಸ ಕೋಡಿ ಬಿತ್ತಲ್ಲ, ಯೋಜನೆ ಗೆದ್ದಿತಲ್ಲ" ಅನ್ನೋರಿಗೂ ಒಂದು ಮಾತು. ೧೯೦೭ರಲ್ಲಿ ಮುಗಿದ ಆ ಅಣೆಕಟ್ಟು ೧೯೩೩ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದಿದ್ದು ೮೯ ವರ್ಷದ ಮೇಲೆ, ೨೦೨೨ರಲ್ಲಿ. ೨೦೨೫ರ ಜನವರಿಯಲ್ಲಿ ಇನ್ನೊಮ್ಮೆ. ಭದ್ರಾ ನೀರಿನ ಪಾಲು ಇದರಲ್ಲಿ ಖಂಡಿತ ಇದೆ. ಆದರೆ ೨೦೨೨ರಲ್ಲಿ ವೇದಾವತಿಯ ಸ್ವಂತ ಹಳ್ಳಗಳೂ ಮಳೆಗೆ ಭೋರ್ಗರೆದವು ಅನ್ನೋದನ್ನ ಮರೀಬೇಡಿ. ಬೆಟ್ಟ ಕೊಟ್ಟ ನೀರು ಕೆಳಗೆ ಬಂದಿದ್ದು ಹಳ್ಳ ಜೀವಂತ ಇದ್ದಲ್ಲೆಲ್ಲ. ಅಯ್ಯನಕೆರೆಯ ಮೇಲಿನ ಕಾಡು, ಹುಲ್ಲುಗಾವಲು ಬೋಳಾಗಿ ರೆಸಾರ್ಟು ಎದ್ದರೆ, ಅಲ್ಲಿ ಕಳ್ಕೊಂಡ ನೀರನ್ನೇ ಇಲ್ಲಿ ಕರೆಂಟ್ ಸುಟ್ಟು ಎತ್ತಬೇಕು.

ಹಾಗಾದ್ರೆ ಏನು ಮಾಡಬೇಕು? ಯೋಜನೆ ನಿಲ್ಲಿಸಿ ಅಂತಿಲ್ಲ. ಕೆರೆಗೆ ಪೈಪು ತರೋ ಮುಂಚೆ ಆ ಕೆರೆಯ ಹಳ್ಳ ಅಳೆದು, ಒತ್ತುವರಿ ಬಿಡಿಸಿ. ಹೂಳು ತೆಗೀರಿ, ಆದರೆ ಜೆಸಿಬಿ ಇಳಿಸಿ ಕೆರೆಯನ್ನ ಬಾಣಲೆ ಮಾಡಬೇಡಿ. ಅಂಚಿನಲ್ಲಿ ಇಳಿಜಾರು ಬಿಡಿ, ಕೊಕ್ಕರೆ ನಿಲ್ಲೋದು, ಮರಿ ಮೀನು ಅಡಗೋದು ಅಲ್ಲೇ. ಮೊದಲ ಮಳೆಯ ಆ ಕೆಲವು ದಿನ ಹಳ್ಳಕ್ಕೆ ಅಡ್ಡ ಬಲೆ ಕಟ್ಟದ ಹಾಗೆ ಊರೇ ಕಟ್ಟುಪಾಡು ಮಾಡಿಕೊಳ್ಳಲಿ. ರೀವ ಮೊಟ್ಟೆ ಇಡೋ ತಿಂಗಳಲ್ಲಿ ಭದ್ರಾ ಮಟ್ಟ ಹೇಗಿರಬೇಕು ಅಂತ ಬರೆದಿಟ್ಟು ಎಲ್ಲರ ಮುಂದೆ ಇಡಿ. ಇಷ್ಟು ಮಾಡೋಕೆ ಸುರಂಗ ಕೊರೆದಷ್ಟು ದುಡ್ಡು ಬೇಡ. ಉದ್ಘಾಟನೆಯ ಕಲ್ಲು ನೆಡೋಕೆ ಜಾಗ ಸಿಗಲ್ಲ, ಅದೇ ತೊಂದರೆ :-)

ಹಿಂದೆ ನೀರುಗಂಟಿ ಅಂತೊಬ್ಬ ಇರ್ತಿದ್ದ. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಅಂತ ಅವನ ಲೆಕ್ಕ. ಈಗ ಆ ಜಾಗಕ್ಕೆ ಸ್ವಿಚ್ ಬಂದಿದೆ. ಸ್ವಿಚ್ಚಿಗೆ ನೀರು ಗೊತ್ತು, ಕೆರೆ ಗೊತ್ತಿಲ್ಲ.

ನಿಮ್ಮೂರಲ್ಲೂ ಕೆರೆ ಇದ್ದೇ ಇರತ್ತೆ. ಅದಕ್ಕೆ ನೀರು ಬರೋ ಹಳ್ಳದ ಹೆಸರು ಏನು? ಎಷ್ಟು ದೂರ ಉಳಿದಿದೆ? ನಡೆದು ನೋಡಿ, ಬರೀರಿ. ಹೆಸರೇ ಮರೆತು ಹೋಗಿದ್ರೆ, ಅದನ್ನೂ ಬರೀರಿ.