ತಬ್ಬಲಿಗಳ ದ್ವೀಪ

ಆಫ್ರಿಕದ ವಿಕ್ಟೋರಿಯಾ ಸರೋವರದಲ್ಲಿ, ಉಗಾಂಡ ದೇಶದ ಎಂಟೆಬೆ ಪಟ್ಟಣದಿಂದ ಸುಮಾರು 23 ಕಿಲೋಮೀಟರ್ ದೂರದಲ್ಲಿ, ನ್ಗಾಂಬಾ ಎಂಬ ಪುಟ್ಟ ದ್ವೀಪವೊಂದಿದೆ. ವಿಸ್ತೀರ್ಣ ನೂರು ಎಕರೆಯಷ್ಟು. ಇದರಲ್ಲಿ ಮನುಷ್ಯರ ಪಾಲಿಗೆ ಬಂದಿರುವುದು ದಡದ ಒಂದು ಮೂಲೆ ಮಾತ್ರ. ಮಿಕ್ಕುದೆಲ್ಲವೂ ಕಾಡು, ಆ ಕಾಡೆಲ್ಲವೂ ಚಿಂಪಾಂಜಿಗಳದು. ನಡುವೆ ವಿದ್ಯುತ್ತಿನ ತಂತಿಬೇಲಿ. ಇಲ್ಲಿ ಬೇಲಿಯೊಳಗೆ ಇರುವವರು ಮನುಷ್ಯರೇ ಎನ್ನಬೇಕು. ಉಳಿದ ಮೂರು ದಿಕ್ಕಿಗೆ ಬೇಲಿಯೇ ಬೇಡ. ಚಿಂಪಾಂಜಿಗೆ ಈಜು ಬಾರದು, ನೀರೇ ಗೋಡೆ.

1998ರಲ್ಲಿ 19 ಪ್ರಾಣಿಗಳೊಡನೆ ಆರಂಭವಾದ ಈ ಆಶ್ರಯಧಾಮದಲ್ಲಿ ಈಗ ಸುಮಾರು ಐವತ್ತು ಚಿಂಪಾಂಜಿಗಳಿವೆ. ಬಹುಪಾಲು ತಬ್ಬಲಿಗಳು. ತಾಯಿ ಚಿಂಪಾಂಜಿ ಜೀವವಿರುವವರೆಗೆ ಮರಿಯನ್ನು ಬಿಟ್ಟುಕೊಡುವುದಿಲ್ಲವಾದ ಕಾರಣ, ಮರಿಯನ್ನು ಮಾರಲು ಬಯಸುವ ಬೇಟೆಗಾರ ಮೊದಲು ತಾಯಿಯನ್ನು ಕೊಲ್ಲುತ್ತಾನೆ. ಅಡ್ಡ ಬಂದ ಬಂಧುಬಳಗವನ್ನೂ ಬಿಡುವುದಿಲ್ಲ. ಕಾಡಿನಲ್ಲಿ ಮರಿ ನಾಲ್ಕೈದು ವರ್ಷ ಮೊಲೆಹಾಲು ಕುಡಿಯುತ್ತದೆ. ಅನಂತರವೂ ಹಲವು ವರ್ಷ ತಾಯಿಯ ಬೆನ್ನು ಬಿಡುವುದಿಲ್ಲ. ಅಂತಹ ಕೂಸು ಹಗ್ಗ ಬಿಗಿದ ಗಾಯದೊಡನೆ, ಬಡಕಲಾಗಿ, ಗೋಣಿಚೀಲದಲ್ಲೋ ಪೆಟ್ಟಿಗೆಯಲ್ಲೋ ಸಿಕ್ಕಿಬಿದ್ದಾಗ ಅದಕ್ಕೆ ಹಾಲಿಗಿಂತ ಮೊದಲು ಬೇಕಾದುದು ಅಪ್ಪಿಕೊಳ್ಳಲು ಒಂದು ಮೈ.

ಆ ಮೈ ಪಾಲಕರದು. ಹೊಸ ಮರಿಯನ್ನು ಮೊದಲು ಕೆಲವು ವಾರ ಪ್ರತ್ಯೇಕವಾಗಿಟ್ಟು, ಕ್ಷಯ ಮೊದಲಾದ ರೋಗಗಳಿಲ್ಲವೆಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವರು. ಮನುಷ್ಯನ ನೆಗಡಿಯೂ ಚಿಂಪಾಂಜಿಗೆ ಮಾರಕವಾಗಬಲ್ಲುದಾದುದರಿಂದ ಪಾಲಕರು ಮುಖಕ್ಕೆ ವಸ್ತ್ರ ಕಟ್ಟಿಕೊಂಡು ಅದನ್ನು ಎತ್ತಿಕೊಳ್ಳಬೇಕು. ಅನಂತರ ಸಾಧುಸ್ವಭಾವದ ಹೆಣ್ಣು ಚಿಂಪಾಂಜಿಯೊಂದರ ಪರಿಚಯ. ಮೊದಲು ಸರಳುಗಳ ನಡುವಿನಿಂದ, ಆಮೇಲೆ ಒಂದೇ ಕೋಣೆಯಲ್ಲಿ. ಆ ಹೆಣ್ಣು ಮರಿಯನ್ನು ಎದೆಗೊತ್ತಿಕೊಂಡಿತೆಂದರೆ ಅರ್ಧ ಕೆಲಸವಾದಂತೆ. ಆ ಬಳಿಕ ಒಬ್ಬೊಬ್ಬರಾಗಿ ಉಳಿದವರ ಪರಿಚಯ.

ಪಾಲಕರಿಗೆ ನಿಜವಾದ ಕಷ್ಟ ಆರಂಭವಾಗುವುದು ಆಗ. ಮಗುವಿನಂತೆ ಸಾಕಿದ ಕೂಸಿನಿಂದ ದಿನದಿನಕ್ಕೆ ದೂರ ಸರಿಯಬೇಕು. ಬೆಳೆದ ಗಂಡು 40ರಿಂದ 60 ಕಿಲೋ ತೂಗುತ್ತದೆ. ಬಲದಲ್ಲಿ ಅದೇ ತೂಕದ ಮನುಷ್ಯ ಅದಕ್ಕೆ ಸಮನಲ್ಲ. ಪ್ರೀತಿಯಿಂದ ತಳ್ಳಿದರೂ ಮೂಳೆ ಮುರಿಯಬಹುದು. ಅಲ್ಲದೆ, ಮನುಷ್ಯನನ್ನೇ ನೆಚ್ಚಿಕೊಂಡ ಚಿಂಪಾಂಜಿಗೆ ತನ್ನವರ ನಡುವೆ ಬಾಳಲು ಬಾರದು. ಅಂಗಿ ತೊಡಿಸಿ, ಕುರ್ಚಿಯಲ್ಲಿ ಕೂರಿಸಿ ಚಹಾ ಕುಡಿಸುವ ಸರ್ಕಸ್ಸಿನ ಆಟ ನೋಡಿ ನಕ್ಕವರಿಗೆ ಈ ಮಾತು ಸ್ವಲ್ಪ ಕಹಿಯಾದೀತು.

ಬೆಳಗಾಗುವುದು ಎಣಿಕೆಯಿಂದ. ರಾತ್ರಿ ಮಲಗುವ ಕಟ್ಟಡದಲ್ಲಿ ಪ್ರತಿಯೊಂದರ ಮುಖ, ಕೈಕಾಲು, ಉಸಿರಾಟ ನೋಡುವರು. ಜಗಳದಲ್ಲಿ ಬೆರಳು ಕಚ್ಚಿಸಿಕೊಂಡುದು, ಕೆಮ್ಮುತ್ತಿರುವುದು, ಮುನಿದು ಮೂಲೆಯಲ್ಲಿ ಕುಳಿತುದು, ಎಲ್ಲವನ್ನೂ ಆಗಲೇ ಗುರುತಿಸಬೇಕು. ಗಂಜಿ ಕುಡಿದು ಗುಂಪು ಕಾಡಿಗೆ ಹೊರಡುತ್ತದೆ. ಅಷ್ಟು ಬಾಯಿಗಳಿಗೆ ಆ ಪುಟ್ಟ ಕಾಡಿನ ಹಣ್ಣು ಎಲ್ಲಿ ಸಾಲಬೇಕು? ಬಾಳೆ, ಪಪಾಯಿ, ಹಲಸು, ಗೆಣಸು, ಕೋಸು ದೋಣಿಯಲ್ಲಿ ಬರುತ್ತವೆ. ಹಗಲಿನಲ್ಲಿ ಬೇಲಿಯ ಬಳಿ ಗುಂಪು ಕೂಡಿದಾಗ ಪಾಲಕರು ಹೆಸರು ಹಿಡಿದು ಕೂಗಿ, ಒಂದೊಂದರ ಕೈಗೇ ಎಸೆಯುವರು. ರಾಶಿ ಸುರಿದರೆ ಯಜಮಾನ ಗಂಡುಗಳು ಬಾಚಿಕೊಂಡು, ಕೆಳಗಿನವರು ಬರಿಗೈಯಲ್ಲಿ ಉಳಿಯುವರು. ಕೂಡುಕುಟುಂಬದ ಪಂಕ್ತಿಯಲ್ಲಿ ಬಡಿಸಿದವರಿಗೆ ಈ ಕಲೆಯನ್ನು ವಿವರಿಸಬೇಕಾಗಿಲ್ಲ.

ಸಂಜೆ ಅವು ತಾವಾಗಿಯೇ ಹಿಂದಿರುಗುತ್ತವೆ; ಗಂಜಿಯ ಬಟ್ಟಲಿಗಾಗಿ, ತೂಗುಮಂಚಕ್ಕಾಗಿ. ಹುಲ್ಲನ್ನು ಸುತ್ತ ಒತ್ತಿ ಹಾಸಿಗೆ ಮಾಡಿಕೊಂಡು ಮಲಗುತ್ತವೆ. ಮನಸ್ಸಿಲ್ಲದವು ಕಾಡಿನಲ್ಲಿಯೇ ಉಳಿಯಬಹುದು, ಬಲವಂತವಿಲ್ಲ.

ಇವನ್ನು ಹುಟ್ಟಿದ ಕಾಡಿಗೇ ಬಿಡಬಾರದೆ? ಅದು ಸುಲಭವಲ್ಲ. ಕಾಡಿನ ಚಿಂಪಾಂಜಿಗಳು ತಮ್ಮ ಸೀಮೆಗೆ ಬಂದ ಪರಕೀಯರನ್ನು, ಮುಖ್ಯವಾಗಿ ಗಂಡುಗಳನ್ನು, ಕೊಂದೇಬಿಡುತ್ತವೆ. ಮನುಷ್ಯನ ಭಯ ಅಳಿದಿರುವ ಪ್ರಾಣಿ ನೇರವಾಗಿ ಹಳ್ಳಿಗೇ ನುಗ್ಗೀತು. ಆದುದರಿಂದ ದ್ವೀಪವೇ ಕೊನೆಯ ಮನೆ. ಇರುವ ಸ್ಥಳವನ್ನು ಮುಂದೆ ಬರುವ ತಬ್ಬಲಿಗಳಿಗೂ ಉಳಿಸಬೇಕಾಗಿರುವುದರಿಂದ ಹೆಣ್ಣುಗಳಿಗೆ ಗರ್ಭನಿರೋಧಕ ಔಷಧ ಕೊಡುವರು. ವಂಶ ಅಳಿಯುತ್ತಿರುವ ಪ್ರಾಣಿಗೆ ಸಂತಾನ ಬೇಡವೆನ್ನುವ ನಿರ್ಧಾರ ಕ್ರೂರವಾಗಿ ಕಾಣುತ್ತದೆ. ಆದರೆ ನೂರು ಎಕರೆಯ ಲೆಕ್ಕ ಬೇರೆ ಉತ್ತರ ಕೊಡುವುದಿಲ್ಲ.

ಖರ್ಚಿನ ಒಂದು ಪಾಲು ಪ್ರವಾಸಿಗರಿಂದ ಬರುತ್ತದೆ. 2020ರ ಕೋವಿಡ್ ಪಿಡುಗಿನಲ್ಲಿ ಪ್ರವಾಸಿಗರು ಬರುವುದು ನಿಂತಿತು; ಹಣ್ಣಿನ ದೋಣಿಯನ್ನು ನಿಲ್ಲಿಸುವಂತಿರಲಿಲ್ಲ. ಮನುಷ್ಯರ ಆರೈಕೆಯಲ್ಲಿ ಚಿಂಪಾಂಜಿ ಐವತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಾಳುತ್ತದೆ. ಇಂದು ಮರಿಯನ್ನು ಎತ್ತಿಕೊಂಡಿರುವ ಪಾಲಕ ನಿವೃತ್ತನಾಗುವ ಹೊತ್ತಿಗೆ ಅದಕ್ಕೆ ನಡುವಯಸ್ಸು. ಆಗ ಅದರ ಹೆಸರು, ಸ್ವಭಾವ, ಹಳೆಯ ಗಾಯ, ಯಾರೊಡನೆ ಸ್ನೇಹ, ಯಾರೊಡನೆ ಹಗೆ, ಇವನ್ನೆಲ್ಲ ಬಾಯಿಪಾಠದಂತೆ ಬಲ್ಲ ಇನ್ನೊಬ್ಬ ಯುವಕ ಬೇಲಿಯ ಬಳಿ ಬಾಳೆಹಣ್ಣು ಹಿಡಿದು ನಿಂತಿರಬೇಕು.