ದುಡ್ಡು ಕೊಟ್ಟರೆ ಸಾಲದು, ದಿಕ್ಕೂ ಗೊತ್ತಿರಬೇಕು

ನಾನು ಮೊದಲ ಸಲ ವಿಮಾನ ಹತ್ತಿದ್ದು ದೆಹಲಿಯಲ್ಲಿದ್ದ ಒಂದು ಸಂದರ್ಶನಕ್ಕೆ. ಬಸ್ಸಿನಲ್ಲಿ ಕಿಟಕಿಯೊಳಗಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದವನು, ವಿಮಾನದಲ್ಲಿ ಬಿಡುತ್ತೇನೆಯೇ? ಮುನ್ನೂರು ರೂಪಾಯಿ ಹೆಚ್ಚು ಕೊಟ್ಟು ಕಿಟಕಿ ಸೀಟು ಕಾಯ್ದಿರಿಸಿದೆ. ಹೋಗಿ ಕುಳಿತರೆ ಹೊರಗೆ ಕಂಡದ್ದು ಬರೀ ರೆಕ್ಕೆ. ಸಾಲದ್ದಕ್ಕೆ ಬೆಳಗಿನ ಬಿಸಿಲು ನೇರವಾಗಿ ಕಣ್ಣಿಗೆ. ಸ್ವಲ್ಪ ಹೊತ್ತಿಗೇ ಶೇಡ್ ಎಳೆದುಕೊಂಡು ಕುಳಿತೆ.

ತಪ್ಪು ನನ್ನದೇ. ಕಿಟಕಿ ಸಿಕ್ಕರೆ ಸಾಕು ಎಂದುಕೊಂಡಿದ್ದೆ, ಅದು ಯಾವ ಕಡೆಗಿದೆ ಎಂದು ಯೋಚಿಸಿರಲಿಲ್ಲ.

ಲೆಕ್ಕ ಬಹಳ ಸುಲಭ. ನಮ್ಮ ದೇಶದೊಳಗೆ ಹೆಚ್ಚಾಗಿ ಓಡಾಡುವ ಏರ್‌ಬಸ್ ಎ320, ಬೋಯಿಂಗ್ 737 ವಿಮಾನಗಳಲ್ಲಿ ಸಾಲಿಗೆ ಆರು ಸೀಟು. ‘ಎ’ ಎಡಗಡೆಯ ಕಿಟಕಿ, ‘ಎಫ್’ ಬಲಗಡೆಯದು. ಬೆಂಗಳೂರಿನಿಂದ ದೆಹಲಿಗೆ ಹೋಗುವುದೆಂದರೆ ಉತ್ತರಕ್ಕೆ ಮುಖ ಮಾಡಿದಂತೆ. ಆಗ ಬಲಗಡೆ ಪೂರ್ವ, ಅಂದರೆ ಬೆಳಗಿನ ಬಿಸಿಲು. ಎಡಗಡೆ ಕುಳಿತರೆ ಅದೇ ಬಿಸಿಲು ಕಣ್ಣು ಬಿಟ್ಟು ನೆಲವನ್ನು ಬೆಳಗುತ್ತದೆ. ದೆಹಲಿಯಿಂದ ಬಾಗ್ಡೋಗ್ರಾಕ್ಕೋ ಕಠ್ಮಂಡುವಿಗೋ ಹೋಗುವವರಿಗೂ ಎಡಗಡೆಯೇ ಸರಿ. ಹಿಮಾಲಯ ಇರುವುದು ಉತ್ತರಕ್ಕೆ, ಆಕಾಶ ತಿಳಿಯಾಗಿದ್ದರೆ ಹಿಮಶಿಖರಗಳ ಸಾಲೇ ಕಾಣುತ್ತದೆ. ಮರಳುವಾಗ ಬಲಗಡೆ ಕೂರಬೇಕು.

ಇನ್ನು ರೆಕ್ಕೆಯ ವಿಷಯ. ನಡುವಿನ ಸಾಲುಗಳನ್ನು ಬಿಟ್ಟುಬಿಡಿ. ರೆಕ್ಕೆಯ ಸ್ವಲ್ಪವೇ ಹಿಂದೆ ಕುಳಿತರೂ ಎಂಜಿನ್ನಿನ ಬಿಸಿಗಾಳಿಗೆ ನೋಟ ಅಲುಗಾಡಿದಂತಿರುತ್ತದೆ. 737ರಲ್ಲಿ ಒಂದೆರಡು ಸಾಲಿನ ಪಕ್ಕ ಕಿಟಕಿಯೇ ಇರುವುದಿಲ್ಲ, ಅಲ್ಲಿ ಗೋಡೆಯೊಳಗೆ ಎಸಿ ಕೊಳವೆ ಹಾದುಹೋಗಿರುತ್ತದೆ. ಮುಂದಿನ ಸಾಲುಗಳು ಒಳ್ಳೆಯವೇ, ಆದರೆ ಸಾಮಾನ್ಯವಾಗಿ ದುಬಾರಿ. ನಮ್ಮಂಥವರಿಗೆ ಹಿಂದಿನ ಸಾಲೇ ವಾಸಿ. ಬೆಲೆ ಕಡಿಮೆ, ನೋಟಕ್ಕೆ ಮೋಸವಿಲ್ಲ.

‘ಎರಡೂಮುಕ್ಕಾಲು ಗಂಟೆಯ ಪ್ರಯಾಣಕ್ಕೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ? ಮಲಗೋದು ಬಿಟ್ಟು’ ಎಂದು ಗೆಳೆಯ ನಕ್ಕ. ಬೇಕು ಎನ್ನುತ್ತೇನೆ. ಸ್ಪರ್ಧಾತ್ಮಕ ಪರೀಕ್ಷೆಗೆಂದು ನದಿ, ಘಟ್ಟ, ಪ್ರಸ್ಥಭೂಮಿಗಳನ್ನು ಬಾಯಿಪಾಠ ಮಾಡುವವರು ನಾವು. ಅವೇ ಕಣ್ಣ ಕೆಳಗೆ ಹಾದುಹೋಗುವಾಗ ಮೊಬೈಲ್ ನೋಡುತ್ತ ಕೂರುತ್ತೇವೆ. ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ, ಸಂಕೋಚವೂ ಇದೆ. ಕಿಟಕಿಗೆ ಮುಖ ಒತ್ತಿ ನೋಡಿದರೆ ‘ಇವನದು ಇದೇ ಮೊದಲು’ ಎಂದು ಪಕ್ಕದವರಿಗೆ ಗೊತ್ತಾಗಿಬಿಡುತ್ತದಲ್ಲ! ಮೊದಲ ದಿನ ನನಗೂ ಹಾಗೇ ಆಗಿತ್ತು. ರೆಕ್ಕೆಯಾಚೆ ಸ್ವಲ್ಪ ಬಗ್ಗಿ ನೋಡಬಹುದಿತ್ತು, ನೋಡಲಿಲ್ಲ.

ಮರಳಿದ್ದು ಸಂಜೆಯ ವಿಮಾನದಲ್ಲಿ. ದಕ್ಷಿಣಕ್ಕೆ ಪಯಣ, ಬಿಸಿಲು ಪಶ್ಚಿಮದಿಂದ, ಅಂದರೆ ಬಲಕ್ಕೆ. ಹಾಗಾಗಿ ಎಡಗಡೆಯ ‘ಎ’, ಹಿಂದಿನ ಸಾಲು. ಸಂದರ್ಶನ ಚೆನ್ನಾಗಿ ಆಗಿರಲಿಲ್ಲ, ಮನಸ್ಸು ಮಂಕಾಗಿತ್ತು. ಬೆಂಗಳೂರು ಹತ್ತಿರವಾಗಿ ವಿಮಾನ ಇಳಿಯತೊಡಗಿದಾಗ ಕೆಳಗೆ ಕೆರೆಗಳು ಕಂಡವು, ಒಂದರ ಕೆಳಗೊಂದು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನದಕ್ಕೆ ಹರಿಯುತ್ತದೆ ಎಂದು ಓದಿದ್ದೆ. ಯಾಕೆ ಹಾಗೆ ಕಟ್ಟಿದರು ಎಂಬುದು ಅರ್ಥವಾದದ್ದು ಅವತ್ತು. ಕೆಲವು ಬತ್ತಿ ಬಯಲಾಗಿದ್ದವು, ಅದೂ ಕಂಡಿತು. ಕೆಲಸ ಸಿಗಲಿಲ್ಲ. ಆದರೆ ಆ ಪ್ರಯಾಣ ವ್ಯರ್ಥ ಎಂದು ಇವತ್ತಿಗೂ ಅನಿಸಿಲ್ಲ.

ಹೀಗೆ ಲೆಕ್ಕ ಹಾಕಿದರೂ ಮಳೆಗಾಲದಲ್ಲಿ ಮೋಡವಷ್ಟೇ ಕಂಡೀತು. ಕೈಯಲ್ಲಿ ಕಾಸಿಲ್ಲದಿದ್ದರೆ ಸೀಟಿಗೆಂದು ಸಾಲ ಮಾಡಬೇಕಿಲ್ಲ. ವೆಬ್ ಚೆಕ್-ಇನ್ ಶುರುವಾದ ಕೂಡಲೇ ನೋಡಿ, ಸಿಕ್ಕರೆ ಸಿಕ್ಕಿತು. ಏರುವಾಗ ಇಳಿಯುವಾಗ ಶೇಡ್ ತೆರೆದೇ ಇರಬೇಕೆಂಬ ನಿಯಮವಿದೆ. ನೆಲ ಚೆನ್ನಾಗಿ ಕಾಣುವುದೂ ಆಗಲೇ. ಆ ಹತ್ತು ಹತ್ತು ನಿಮಿಷವಾದರೂ ಮೊಬೈಲ್ ಜೇಬಿಗಿಟ್ಟು, ಸಂಕೋಚ ಬಿಟ್ಟು, ಹೊರಗೆ ನೋಡಿ.