ಪೆಟ್ಟಿಗೆ ಬದಲಾದರೆ ಫೈಲೂ ಮಾಯವಾಗತ್ತಾ?

ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿನ ಪೆಟ್ಟಿಗೆ ಕೆಟ್ಟಿದೆ, ಒಳಗಿನ ಡಿಸ್ಕ್ ಚೆನ್ನಾಗೇ ಇದೆ. ಬಿಚ್ಚಿ ತೆಗೆದು ಬೇರೆ ಡಾಕಿಗೆ ಸಿಕ್ಕಿಸಿದರೆ ಆಯ್ತಲ್ಲ? ಎಷ್ಟೋ ಸಲ ಆಗತ್ತೆ. ಆಗದಿದ್ದಾಗ ಮಾತ್ರ ವಿಂಡೋಸ್ ಎದೆ ನಡುಗಿಸೋ ಪ್ರಶ್ನೆ ಕೇಳತ್ತೆ: ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲಾ?

ಇಲ್ಲಿ ಸುಲೈಬಿಯಾದ ತರಕಾರಿ ಮಾರ್ಕೆಟ್ಟಿನ ಹತ್ತಿರ ಕೆಲಸ ಮಾಡೋ ಕುಂದಾಪುರದ ಗೆಳೆಯರೊಬ್ಬರಿಗೆ ಆಗಿದ್ದೂ ಇದೇ. 3 ಟಿಬಿ ಡಿಸ್ಕು. ಅದರಲ್ಲಿ ಮಗಳ ನಾಮಕರಣದ ವಿಡಿಯೋ, ಈಗ ಇಲ್ಲದ ಅಮ್ಮನ ದನಿ. ಇನ್ನೊಂದು ಕಾಪಿ ಎಲ್ಲೂ ಇಲ್ಲ. "ಎಲ್ಲ ಹೋಯ್ತಾ ಮಾರಾಯ್ರೆ?" ಅಂತ ಫೋನ್ ಮಾಡಿದ್ರು. "ಏನೂ ಒತ್ತಬೇಡಿ, ಕ್ಯಾನ್ಸಲ್ ಮಾಡಿ ತೆಗೆದಿಡಿ" ಅಂದೆ.

ವಿಷಯ ಏನಪ್ಪಾ ಅಂದ್ರೆ, ನಾವು ಬರೀ ಡಬ್ಬ ಅಂದುಕೊಂಡಿರೋ ಆ ಪೆಟ್ಟಿಗೆಯೊಳಗೆ ಒಂದು ಪುಟ್ಟ ಬೋರ್ಡ್ ಇರತ್ತೆ. ಡಿಸ್ಕಿನ ಸಾಟಾ ಭಾಷೆಯನ್ನು ಯುಎಸ್‌ಬಿಗೆ ಅನುವಾದಿಸೋ ದುಭಾಷಿ ಅದು. ಕೆಲವು ದುಭಾಷಿಗಳು ತಮ್ಮದೂ ಒಂದಿಷ್ಟು ಸೇರಿಸ್ತಾರೆ.

ಹಳೇ ಎಂಬಿಆರ್ ಪದ್ಧತಿಯಲ್ಲಿ ಸೆಕ್ಟರ್ ನಂಬರಿಗೆ ಇರೋದು 32 ಬಿಟ್. ಸೆಕ್ಟರಿಗೆ 512 ಬೈಟ್ ಅಂದ್ರೆ ಲೆಕ್ಕ ಸುಮಾರು 2.2 ಟಿಬಿಗೇ ಮುಗೀತು. ವಿಂಡೋಸ್ ಎಕ್ಸ್‌ಪಿಯಲ್ಲೂ 3 ಟಿಬಿ ಪೂರ್ತಿ ಸಿಗಲಿ ಅಂತ ಕೆಲವು ಪೆಟ್ಟಿಗೆಗಳು ಎಂಟೆಂಟು ಸೆಕ್ಟರ್ ಸೇರಿಸಿ 4096 ಬೈಟಿನ ಒಂದು ಸೆಕ್ಟರ್ ಅಂತ ತೋರಿಸ್ತವೆ. ಹೊಸ ಡಾಕ್ 512 ಅಂತಲೇ ಎಣಿಸತ್ತೆ. ಮನೆ ನಂಬರ್ ಸರಿ, ಅಳತೆಗೋಲು ಬೇರೆ. ಹೋಗಿ ಇನ್ಯಾರದೋ ಬಾಗಿಲು ತಟ್ಟತ್ತೆ. ಫೈಲುಗಳು ಇದ್ದಲ್ಲೇ ಇರ್ತವೆ.

ಇನ್ನೊಂದು ಕಾರಣ ಬೀಗ. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್, ಮೈ ಪಾಸ್‌ಪೋರ್ಟ್‌ನ ಹಲವು ಮಾಡೆಲ್‌ಗಳಲ್ಲಿ ನೀವು ಪಾಸ್‌ವರ್ಡ್ ಇಡದಿದ್ದರೂ ಎಲ್ಲವೂ ಎಇಎಸ್ ಗೂಢಲಿಪಿಯಲ್ಲೇ ಡಿಸ್ಕಿಗೆ ಹೋಗತ್ತೆ. ಅದನ್ನು ಬಿಡಿಸಿ ಓದೋಕೆ ಅದೇ ಥರದ ಬೋರ್ಡ್ ಬೇಕು. ಕೆಲವು 2.5 ಇಂಚಿನ ಡಿಸ್ಕುಗಳಲ್ಲಂತೂ ಯುಎಸ್‌ಬಿ ಡಿಸ್ಕಿನ ಬೋರ್ಡಿನ ಮೇಲೇ ಇರತ್ತೆ, ಡಾಕಿಗೆ ಸಿಕ್ಕಿಸೋಕೆ ಸಾಟಾ ಪಿನ್ನೇ ಇರಲ್ಲ.

ಗೆಳೆಯರ ಪೆಟ್ಟಿಗೆಯಲ್ಲಿ ದೀಪವೇ ಹತ್ತುತ್ತಿರಲಿಲ್ಲ. ಅಂದ್ರೆ ಮೊದಲ ಅನುಮಾನ ಅಡಾಪ್ಟರ್ ಮೇಲೆ. ಹೊಸ ಡಾಕಿನ ಅಡಾಪ್ಟರ್ ನೋಡಿದ್ವಿ: ಅದೂ 12 ವೋಲ್ಟ್, ಆಂಪಿಯರ್ ಅಷ್ಟೇ, ಪಿನ್ನಿನ ಗಾತ್ರ, ಪ್ಲಸ್-ಮೈನಸ್ ಗುರುತು ಎಲ್ಲ ಒಂದೇ. ಡಿಸ್ಕನ್ನು ಹಳೇ ಪೆಟ್ಟಿಗೆಗೇ ವಾಪಸ್ ಹಾಕಿ ಈ ಅಡಾಪ್ಟರ್ ಕೊಟ್ಟರೆ ಎಲ್ಲ ಫೋಲ್ಡರೂ ಬಂತು! ಅವರು ಮೊದಲು ತೆರೆದಿದ್ದು ಅಮ್ಮನ ಫೈಲ್. ನಾನು ಚಹಾ ಮಾಡೋ ನೆಪದಲ್ಲಿ ಅಡುಗೆಮನೆಗೆ ಹೋದೆ.

ಹಾಗಾಗಿ ಡಾಕ್ ಬದಲಿಸೋರಿಗೆ ಇಷ್ಟು ನೆನಪಿರಲಿ. ಪೆಟ್ಟಿಗೆ ಬದುಕಿದ್ದರೆ ಮೊದಲು ಅದರಿಂದಲೇ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಬಿಚ್ಚಿ. ಸತ್ತಿದ್ದರೂ ಬೋರ್ಡನ್ನು ಕಸಕ್ಕೆ ಹಾಕಬೇಡಿ. ವೋಲ್ಟ್ ನೋಡದೆ ಲ್ಯಾಪ್‌ಟಾಪ್ ಅಡಾಪ್ಟರ್ ಚುಚ್ಚಬೇಡಿ, ಡಿಸ್ಕೇ ಸುಟ್ಟೀತು. ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದರೆ ಉತ್ತರ ಒಂದೇ: ಬೇಡ.

ಗೆಳೆಯರು ಈಗ ಎರಡು ಕಾಪಿ ಇಟ್ಟಿದ್ದಾರೆ. ಒಂದು ಇಲ್ಲಿ, ಇನ್ನೊಂದು ಕುಂದಾಪುರದ ಮನೆಯ ಗೋದ್ರೆಜ್ ಬೀರುವಿನಲ್ಲಿ.